ಸೋರೆಕಾಯಿಯ ತೊಟ್ಟಿನ ಚೂರು

ಕಲ್ಲಿನಾಥನಿಗೆ ಜ್ವರ ಬಿಟ್ಟಿತು. ಜ್ವರದ ಜೊತೆಗೆ ರುಚಿಯೂ ಬಿಟ್ಟುಹೋಯಿತು.

ಎದ್ದು ಕೂತ ದಿನ ಯಾರೋ ಗಂಜಿ ತಂದುಕೊಟ್ಟರು. ಬಿಸಿಯಾಗಿದೆ ಎಂದಷ್ಟೇ ಗೊತ್ತಾಯಿತು. ಉಪ್ಪು ಹಾಕಲು ಮರೆತಿರಬೇಕು ಅಂದುಕೊಂಡು ಉಪ್ಪಿನಕಾಯಿ ನೆಕ್ಕಿದ. ಒದ್ದೆ ಕಟ್ಟಿಗೆ ನೆಕ್ಕಿದ ಹಾಗಿತ್ತು. ಬೆಲ್ಲದ ಚೂರೊಂದನ್ನು ಬಾಯಲ್ಲಿಟ್ಟುಕೊಂಡ. ಅದು ಕರಗಿತು, ಅಷ್ಟೆ.

ಬೇರೆ ಯಾರಿಗಾದರೂ ಹೀಗಾಗಿದ್ದರೆ ಕಂಡವರಿಗೆಲ್ಲ ಹೇಳಿಕೊಂಡು ಗೋಳಾಡುತ್ತಿದ್ದರು. ಕಲ್ಲಿನಾಥ ಹೇಳಲಿಲ್ಲ. ಯಾಕೆಂದರೆ ಅವನು ಆಶ್ರಮದ ಅಡುಗೆಯವನು.

ಹೊಳೆದಂಡೆಯ ಆ ಆಶ್ರಮದಲ್ಲಿ ಶಾಸ್ತ್ರ ಬಲ್ಲವರಿದ್ದರು, ಹಾಡು ಬಲ್ಲವರಿದ್ದರು, ಗಂಟೆಗಟ್ಟಲೆ ಕಣ್ಣುಮುಚ್ಚಿ ಕೂರಬಲ್ಲವರಿದ್ದರು. ಕಲ್ಲಿನಾಥನಿಗೆ ಬರುತ್ತಿದ್ದದ್ದು ಅಡುಗೆ ಒಂದೇ. ಅದೂ ಹೋಯಿತು ಅಂತ ಹೇಳಿಕೊಳ್ಳುವುದು ಹೇಗೆ? ಅವನಿಗೆ ನಾಚಿಕೆಯಾಯಿತು. ನಾಳೆ ಸರಿಹೋಗುತ್ತೆ ಅಂದುಕೊಂಡು ಒಲೆ ಹಚ್ಚಿದ.

ಕೈ ಪಳಗಿತ್ತು. ಉಪ್ಪು ಹುಳಿ ಅಂದಾಜಿನಲ್ಲೇ ಬೀಳುತ್ತಿದ್ದವು. ಖಾರದಲ್ಲಿ ಮಾತ್ರ ಎಡವಟ್ಟಾಯಿತು. ಖಾರ ಹಾಕಿದರೆ ಬಾಯಿಗೆ ಏನೋ ತಗುಲಿದ ಹಾಗಾಗುತ್ತಿತ್ತು. ಆ ಒಂದು ಸುಖಕ್ಕೆ ದಿನದಿನಕ್ಕೂ ಸಾರಿಗೆ ಮೆಣಸಿನಕಾಯಿ ಜಾಸ್ತಿಯಾಗುತ್ತ ಹೋಯಿತು.

ಸಾಲಿನಲ್ಲಿ ಕೂತು ಉಣ್ಣುವವರ ಮೂಗು ಸೋರಿತು, ಕಣ್ಣಲ್ಲಿ ನೀರು ಬಂತು. ಯಾರೂ ಏನೂ ಅನ್ನಲಿಲ್ಲ.

ಅನ್ನುವ ಹಾಗಿರಲಿಲ್ಲ. ಅಲ್ಲಿನ ಪದ್ಧತಿ ಹಾಗೆ. ಬಡಿಸಿದ್ದೆಲ್ಲ ಪ್ರಸಾದ. ಊಟದ ಸಾಲಿನಲ್ಲಿ ಮಾತಾಡಬಾರದು. ಚೆನ್ನಾಗಿದೆ ಅನ್ನಬಾರದು, ಚೆನ್ನಾಗಿಲ್ಲ ಅಂತಲೂ ಅನ್ನಬಾರದು. ಒಂದಗುಳೂ ಬಿಡಬಾರದು. ಕೊನೆಗೆ ತಟ್ಟೆಗೆ ನೀರು ಹಾಕಿ ತೊಳೆದು, ಆ ನೀರನ್ನೂ ಕುಡಿದೇ ಏಳಬೇಕು.

ಗುರು ಮೃಡಯ್ಯನವರೂ ಎಲ್ಲರ ಸಾಲಿನಲ್ಲೇ ಕೂತು ಅದನ್ನೇ ಉಣ್ಣುತ್ತಿದ್ದರು. ಒಂದು ದಿನ ಕೈ ತೊಳೆಯುವಾಗ ಕೇಳಿದರು:

"ಕಲ್ಲಿನಾಥ, ಮೈ ಹುಷಾರಾಗಿದೆಯೇನಪ್ಪಾ?"

"ಹುಷಾರಾಗಿದೀನಿ ಬುದ್ಧೀ." ಆ ಕಡೆ ಗುರುಗಳನ್ನು ಬುದ್ಧಿ ಅಂತಲೇ ಕರೆಯುವುದು.

"ಬಾಯಿರುಚಿ?"

"ಚೆನ್ನಾಗಿದೆ ಬುದ್ಧೀ."

ಗುರುಗಳು ಸ್ವಲ್ಪ ಹೊತ್ತು ಅವನ ಮುಖ ನೋಡಿದರು. ಹೇಳಿಬಿಡಬಹುದಿತ್ತು. ಅವನು ಪಾತ್ರೆ ಉಜ್ಜಲು ಹೋದ.

ಆ ಜ್ವರ ಬೇರೆಯವರಿಗೂ ಹತ್ತೀತೆಂದು ಗುರುಗಳು ನೆಲಬೇವಿನ ಕಷಾಯ ಮಾಡಿಸಿದರು. ಕುಡಿದವರೆಲ್ಲ ಮುಖ ಕಿವುಚಿದರು. ಶಾಸ್ತ್ರ ಬಲ್ಲ ಕರಿಬಸವನಂತೂ ಒಂದು ಗುಟುಕು ಕುಡಿದು ಅಂಗಳದಲ್ಲಿ ಮೂರು ಸುತ್ತು ಹಾಕಿದ.

ಕಲ್ಲಿನಾಥ ಲೋಟ ಹಿಡಿದು, ಏನೋ ಯೋಚಿಸುತ್ತ, ಪಾನಕ ಕುಡಿಯುವ ಹಾಗೆ ಗುಟುಕು ಗುಟುಕಾಗಿ ಕುಡಿದ. ತಲೆಯೆತ್ತಿದರೆ ಎಲ್ಲರೂ ಅವನನ್ನೇ ನೋಡುತ್ತಿದ್ದರು.

"ನಿಂಗೆ ಕಹಿ ಅನ್ನಿಸಲಿಲ್ವಾ?" ಕರಿಬಸವ ಕೇಳಿದ.

ಕಲ್ಲಿನಾಥ ನಿಜ ಹೇಳಲೆಂದೇ ಬಾಯಿ ತೆರೆದ. ಬಂದದ್ದು ಬೇರೆ ಮಾತು.

"ನಂಗೆ ಕಹಿ ಆದರೇನು, ಸಿಹಿ ಆದರೇನು."

ಅದು ಸುಳ್ಳೇನೂ ಅಲ್ಲ. ಸುಳ್ಳಾಗಿದ್ದರೆ ಬೇಗ ಸಿಕ್ಕಿಬೀಳುತ್ತಿತ್ತು.

ಸಂಜೆಯೊಳಗೆ ಆಶ್ರಮದ ತುಂಬ ಅದೇ ಮಾತು. ಕಲ್ಲಿನಾಥ ನಾಲಿಗೆಯನ್ನು ಗೆದ್ದಿದ್ದಾನೆ. ನಾವು ಇಷ್ಟು ವರ್ಷ ಓದಿ, ಹಾಡಿ, ಕಣ್ಣುಮುಚ್ಚಿ ಕೂತರೂ ಆಗದ್ದು ಒಲೆಯ ಮುಂದೆ ಕೂತವನಿಗೆ ಆಗಿದೆ.

ಅವರು ಸುಮ್ಮನೆ ನಂಬಲಿಲ್ಲ, ಪರೀಕ್ಷೆಯನ್ನೂ ಮಾಡಿದರು. ಹಸಿ ಹಾಗಲಕಾಯಿ ಕೊಟ್ಟರು, ತಿಂದ. ಬರೀ ಹುಣಸೆಹಣ್ಣು ಕೊಟ್ಟರು, ಅದನ್ನೂ ತಿಂದ. ಕರಿಬಸವ ಬಗ್ಗಿ ಕಾಲು ಮುಟ್ಟಿದ. ಇಷ್ಟು ದಿನ ಸೌಟು ಹಿಡಿದವನೆಂದು ಯಾರೂ ತಿರುಗಿ ನೋಡದವನಿಗೆ ಈಗ ಎದುರಿಗೆ ಬಂದವರೆಲ್ಲ ಕೈಮುಗಿದರು. ಬೇಡ ಅನ್ನಬೇಕಿತ್ತು. ಹಿತವಾಗಿತ್ತು, ಅನ್ನಲಿಲ್ಲ.

ಒಬ್ಬನೇ ಇದ್ದಾಗ ಅಡುಗೆಮನೆಯ ಬಾಗಿಲು ಹಾಕಿಕೊಂಡು ಬೆಲ್ಲದ ಡಬ್ಬಿ ತೆಗೆಯುತ್ತಿದ್ದ. ಒಂದು ಚೂರು ನಾಲಿಗೆಯ ಮೇಲಿಟ್ಟುಕೊಂಡು ಕಾಯುತ್ತಿದ್ದ. ಏನೂ ಬರುತ್ತಿರಲಿಲ್ಲ. ಮುಖ ಒರೆಸಿಕೊಂಡು ಬಾಗಿಲು ತೆಗೆಯುತ್ತಿದ್ದ.

ಹಾಗೆ ತೆಗೆದ ಒಂದು ದಿನ ಬಾಗಿಲಲ್ಲಿ ಗವಿಯಪ್ಪಜ್ಜ ನಿಂತಿದ್ದ. ತಲೆಗೂದಲು ಕಪ್ಪಗಿದ್ದಾಗ ಆಶ್ರಮಕ್ಕೆ ಬಂದವನು. ಈಗ ತಲೆಯಲ್ಲಿ ಕೂದಲಿಲ್ಲ, ಬಾಯಲ್ಲಿ ಹಲ್ಲಿಲ್ಲ. ಊಟದ ಆಸೆಯೊಂದು ಮಾತ್ರ ಹಾಗೇ ಉಳಿದಿತ್ತು.

"ಕಲ್ಲಿನಾಥಾ, ನಂಗೂ ಹೇಳಿಕೊಡೋ," ಅಂದ ಮುದುಕ. "ಒಬ್ಬಟ್ಟು ಅಂತ ಯಾರಾದ್ರೂ ಅಂದ್ರೆ ಸಾಕು, ಈಗ್ಲೂ ಬಾಯಲ್ಲಿ ನೀರು ಬರುತ್ತೆ. ಇಷ್ಟು ವಯಸ್ಸಾಯ್ತು, ನಾಚಿಕೆ ಆಗುತ್ತೆ ಕಣೋ."

"ಅಭ್ಯಾಸ ಮಾಡಬೇಕು ಅಜ್ಜಾ."

"ಹೆಂಗೆ ಮಾಡ್ಲಿ?"

"ಕಹಿ ಅಂತ ಗೊತ್ತಾದ್ರೂ ಗೊತ್ತಾಗದ ಹಾಗೆ ನುಂಗಬೇಕು. ನುಂಗ್ತಾ ನುಂಗ್ತಾ ಹೋಗಿಬಿಡುತ್ತೆ."

ಮುದುಕ ತಲೆಯಾಡಿಸಿ, ಆ ಮಾತನ್ನು ಬಾಯಲ್ಲೇ ಇನ್ನೊಮ್ಮೆ ಹೇಳಿಕೊಂಡು ಹೋದ. ಕಲ್ಲಿನಾಥನಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುವ ಹಾಗಾಯಿತು. ಆದರೂ ಹಿಂದೆ ಓಡಿಹೋಗಿ ತಡೆಯಲಿಲ್ಲ.

ಆಶ್ರಮದ ಬೇಲಿಯ ಮೇಲೆ ಸೋರೆಬಳ್ಳಿ ಹಬ್ಬಿತ್ತು. ಸೋರೆಕಾಯಿಯದ್ದೊಂದು ಪೀಡೆಯಿದೆ. ಎಲ್ಲೋ ಒಂದು ಕಾಯಿ ಕಹಿಯಾಗಿರುತ್ತದೆ. ನೋಡಲು ಮಿಕ್ಕವುಗಳ ಹಾಗೇ ಇರುತ್ತದೆ. ಆ ಕಹಿ ಹಾಗಲಕಾಯಿಯ ಕಹಿಯಲ್ಲ. ಹೊಟ್ಟೆ ಸೇರಿದರೆ ವಿಷ. ಅದಕ್ಕೇ ಹೆಚ್ಚುವ ಮುನ್ನ ತೊಟ್ಟಿನ ಕಡೆಯಿಂದ ಒಂದು ಚೂರು ಕೊಯ್ದು ನಾಲಿಗೆಗೆ ಮುಟ್ಟಿಸಿ ನೋಡಬೇಕು.

ಕಲ್ಲಿನಾಥ ಕೊಯ್ದ. ಅಭ್ಯಾಸದಂತೆ ಮುಟ್ಟಿಸಿದ. ತಣ್ಣಗಿತ್ತು.

ಕತ್ತಿ ಹಿಡಿದ ಕೈ ಒಂದು ಕ್ಷಣ ನಿಂತಿತು. ಹೊರಗೆ ಜಗಲಿಯ ಮೇಲೆ ಕರಿಬಸವನಿದ್ದ. ಇದನ್ನೊಂಚೂರು ನೋಡು ಅಂತ ಕರೆದರೆ ಆಗುತ್ತಿತ್ತು. ಆದರೆ ನಾಲಿಗೆ ಗೆದ್ದವನು ಇನ್ನೊಬ್ಬರ ನಾಲಿಗೆಯನ್ನು ಎರವಲು ಕೇಳುವುದು ಹೇಗೆ?

ಹೆಚ್ಚಿದ. ಬೇಯಿಸಿದ. ಬಡಿಸಿದ. ತಾನೂ ಸಾಲಿನ ಕೊನೆಯಲ್ಲಿ ಕೂತ.

ಆ ದಿನ ಗುರುಗಳು ಹೊಳೆಯಿಂದ ಬರುವುದು ತಡವಾಯಿತು. ನನಗೆ ಕಾಯಬೇಡಿ ಎಂದು ಹೇಳಿಕಳಿಸಿದ್ದರು.

ಮೊದಲ ತುತ್ತಿಗೇ ಎಲ್ಲರಿಗೂ ಕಹಿ ಗೊತ್ತಾಯಿತು. ಎಲ್ಲರೂ ಕಣ್ಣೆತ್ತಿ ಕಲ್ಲಿನಾಥನನ್ನು ನೋಡಿದರು. ಅವನು ಹಾಯಾಗಿ ಉಣ್ಣುತ್ತಿದ್ದ. ಓಹೋ, ಇದು ನಮಗಿಟ್ಟ ಪರೀಕ್ಷೆ, ಅಂದುಕೊಂಡರು. ಉಸಿರು ಬಿಗಿಹಿಡಿದು ನುಂಗಿದರು. ಗವಿಯಪ್ಪಜ್ಜ ತಟ್ಟೆ ಚಾಚಿ ಇನ್ನೊಂದು ಸಲ ಬಡಿಸಿಕೊಂಡ.

ಗುರುಗಳು ಬಂದು ಕೂತರು. ಒಂದು ತುತ್ತು ಬಾಯಿಗಿಟ್ಟರು.

ಥೂ ಎಂದು ತಟ್ಟೆಗೇ ಉಗುಳಿದರು.

"ಉಗುಳ್ರೋ! ಎಲ್ಲಾ ಉಗುಳಿ! ಯಾರೂ ನುಂಗಬೇಡಿ!"

ಆ ಸಾಲಿನಲ್ಲಿ ಅದುವರೆಗೆ ಯಾರೂ ಮಾತಾಡಿದ್ದಿಲ್ಲ. ಎಲ್ಲರೂ ಕೈ ತಟ್ಟೆಯಲ್ಲೇ ಇಟ್ಟು ಕೂತುಬಿಟ್ಟರು. ಗವಿಯಪ್ಪಜ್ಜ ಆಗಲೇ ತಟ್ಟೆ ತೊಳೆದ ನೀರನ್ನು ಕುಡಿದು ಮುಗಿಸಿದ್ದ.

ಹೊತ್ತು ಮುಳುಗುವುದರೊಳಗೆ, ಗುರುಗಳನ್ನು ಬಿಟ್ಟರೆ, ಆಶ್ರಮದಲ್ಲಿ ವಾಂತಿ ಮಾಡದವರಿರಲಿಲ್ಲ. ಕಲ್ಲಿನಾಥನೂ ಮಾಡಿಕೊಂಡ. ಗಟ್ಟಿ ಮೈಯವರು ಮರುದಿನ ಎದ್ದು ಓಡಾಡಿದರು. ಗವಿಯಪ್ಪಜ್ಜ ಏಳಲಿಲ್ಲ.

ಊರಿಂದ ವೈದ್ಯರು ಬಂದರು. ನಾಡಿ ಹಿಡಿದರು, ಹೊಟ್ಟೆ ಒತ್ತಿ ನೋಡಿದರು. "ವಯಸ್ಸಾದ ಜೀವ. ಗುಟುಕು ಗುಟುಕಾಗಿ ನೀರು ಕುಡಿಸ್ತಾ ಇರಿ. ಉಳಿದರೆ ಅದೃಷ್ಟ," ಅಂದರು.

ಕೆಡುಕು ಅಲ್ಲಿಗೂ ನಿಲ್ಲಲಿಲ್ಲ. ಬಾವಿಕಟ್ಟೆಯ ಹತ್ತಿರ ಕರಿಬಸವ ಮೆಲ್ಲಗೆ ಹೇಳುತ್ತಿದ್ದ:

"ನೋಡಿ, ಶಿಷ್ಯ ತುಟಿ ಕೊಂಕಿಸಲಿಲ್ಲ. ಗುರುಗಳು ಪ್ರಸಾದವನ್ನೇ ಉಗುಳಿದರು."

ನೀರು ತರಲು ಬಂದ ಕಲ್ಲಿನಾಥನಿಗೆ ಅದು ಕೇಳಿಸಿತು. ಅವನ ಹಿಂದೆಯೇ ಬಂದಿದ್ದ ಗುರುಗಳಿಗೂ ಕೇಳಿಸಿತು. ಅವರು ಬಿಂದಿಗೆ ಇಳಿಬಿಟ್ಟು ನೀರು ಸೇದಿಕೊಂಡು ಹೊರಟರು. ಕಲ್ಲಿನಾಥ ಬಿಂದಿಗೆ ತೆಗೆದುಕೊಳ್ಳಲು ಹೋದ. ಅವರು ಕೊಡಲಿಲ್ಲ.

"ಬುದ್ಧೀ, ಅವರು ಏನೇನೋ ಅಂತಿದಾರೆ."

"ಏನಂತಾರೆ?"

"ನೀವು ಉಗುಳಿದಿರಿ ಅಂತ."

"ಹೌದಪ್ಪಾ, ಉಗುಳಿದೆ."

"ಯಾಕೆ ಉಗುಳಿದೆ ಅಂತ ನೀವಾದ್ರೂ ಹೇಳಬಾರದಾ ಬುದ್ಧೀ?"

"ಕಹಿ ಇತ್ತಲ್ಲ."

ಅಷ್ಟು ಹೇಳಿ, ಗವಿಯಪ್ಪಜ್ಜನ ಬಾಯಿಗೆ ನೀರು ಬಿಡಲು ಹೋದರು. ಕಲ್ಲಿನಾಥನಿಗೆ ನಿಂತಲ್ಲೇ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ತನ್ನ ಸುಳ್ಳು ಮೊದಲು ತನ್ನನ್ನು ದೊಡ್ಡವನನ್ನಾಗಿ ಮಾಡಿತ್ತು. ಈಗ ಗುರುವನ್ನೇ ಸಣ್ಣವರನ್ನಾಗಿ ಮಾಡುತ್ತಿತ್ತು.

ಮಧ್ಯಾಹ್ನ ಮುದುಕನೇ ಅವನನ್ನು ಕರೆಸಿದ. ಮುಖ ಒಣಗಿಹೋಗಿತ್ತು. ಮಾತು ತುಂಡು ತುಂಡಾಗಿ ಬರುತ್ತಿತ್ತು.

"ಕಲ್ಲಿನಾಥಾ, ನನ್ನ ಕೈಲಿ ಆಗಲಿಲ್ಲ ಕಣೋ. ನೀನು ಹೇಳಿದ ಹಾಗೇ ನುಂಗಿದೆ. ಇನ್ನೊಂದು ಸಲ ಬಡಿಸಿಕೊಂಡೂ ನುಂಗಿದೆ. ಕೊನೇ ತುತ್ತಿನವರೆಗೂ ಕಹಿ ಗೊತ್ತಾಗ್ತಾನೇ ಇತ್ತು. ನಾಲಿಗೆ ಗೆಲ್ಲದೇ ಸಾಯ್ತೀನಿ ಅನ್ಸುತ್ತೆ."

ಕಲ್ಲಿನಾಥ ಚಾಪೆಯ ಪಕ್ಕ ಕುಸಿದು ಕೂತ.

"ಅಜ್ಜಾ, ನಾನು ಏನೂ ಗೆದ್ದಿಲ್ಲ. ಜ್ವರ ಬಂದಾಗಿಂದ ನಂಗೆ ರುಚಿನೇ ಗೊತ್ತಾಗ್ತಿಲ್ಲ. ವಾಸನೇನೂ ಇಲ್ಲ. ಆ ಕಾಯಿ ಕಹಿ ಅಂತ ನಂಗೆ ಗೊತ್ತಾಗಲಿಲ್ಲ. ಹೇಳೋಕೆ ನಾಚಿಕೆ ಆಯ್ತು. ನೀವೆಲ್ಲ ಕೈಮುಗಿದಿರಿ, ಆಮೇಲೆ ಇನ್ನೂ ನಾಚಿಕೆ ಆಯ್ತು. ನಿಮ್ಮನ್ನ ನಾನೇ ಕೊಂದೆ ಅಜ್ಜಾ."

ಮುದುಕ ಅವನ ಕಡೆ ಹೊರಳಿದ.

"ಏನೂ ಗೊತ್ತಾಗಲ್ವಾ?"

"ಏನೂ ಇಲ್ಲ."

"ಬೆಲ್ಲ?"

"ಇಲ್ಲ ಅಜ್ಜಾ."

"ಅಯ್ಯೋ ನನ್ನ ಮಗನೇ," ಅಂದ ಮುದುಕ. ಕೈ ತಡವರಿಸಿ ಅವನ ಕೈ ಹಿಡಿದುಕೊಂಡ.

ಬೈಗುಳಕ್ಕೆ ಕಲ್ಲಿನಾಥ ಸಿದ್ಧನಾಗಿದ್ದ. ಇದಕ್ಕೆ ಸಿದ್ಧನಾಗಿರಲಿಲ್ಲ. ಬಿಕ್ಕಿ ಬಿಕ್ಕಿ ಅತ್ತ.

ಎದ್ದವನು ನೆಟ್ಟಗೆ ಊಟದ ಸಾಲಿಗೆ ಹೋದ. ಗಂಜಿಗೆ ಕೂತಿದ್ದವರೆಲ್ಲರ ಮುಂದೆ ನಿಂತು, ಮುದುಕನಿಗೆ ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದ. ಏನೂ ಬಿಡದೆ ಕೊನೆಯವರೆಗೂ ಹೇಳಿದ.

ಕರಿಬಸವ ಎದ್ದು ಕೈಮುಗಿದ.

"ನೋಡಿದಿರಾ! ಎಷ್ಟು ವಿನಯ! ಗುರುಗಳ ಮಾನ ಉಳಿಸೋಕೆ ತಪ್ಪನ್ನ ತನ್ನ ಮೇಲೆ ಹಾಕ್ಕೊಳ್ತಿದಾನೆ."

ಎಲ್ಲರೂ ಹೌದು ಹೌದೆಂದು ತಲೆಯಾಡಿಸಿದರು. ಕಲ್ಲಿನಾಥ ಗುರುಗಳ ಕಡೆ ನೋಡಿದ. ಸುಳ್ಳು ಹೇಳುವುದು ಅಷ್ಟು ಸುಲಭವಾಗಿತ್ತು. ನಿಜವನ್ನು ಯಾರೂ ತೆಗೆದುಕೊಳ್ಳಲೊಲ್ಲರು.

ಗುರುಗಳು ಎದ್ದು ಅಡುಗೆಮನೆಗೆ ಹೋದರು. ಕೈಯಲ್ಲಿ ಏನೋ ಮುಚ್ಚಿಕೊಂಡು ಬಂದರು.

"ಕರಿಬಸವ, ಕಣ್ಣು ಮುಚ್ಚು. ಮೂಗು ಹಿಡ್ಕೋ. ಬಾಯಿ ತೆಗಿ."

ಅವನು ಹಾಗೇ ಮಾಡಿದ. ಗುರುಗಳು ಒಂದು ಚೂರು ನಾಲಿಗೆಯ ಮೇಲಿಟ್ಟರು.

"ಅಗಿ. ಏನದು?"

"ಗೊತ್ತಾಗ್ತಿಲ್ಲ ಬುದ್ಧೀ. ಯಾವುದೋ ಬೇರು. ಸ್ವಲ್ಪ ಚುರುಚುರು ಅಂತಿದೆ."

"ಈಗ ಮೂಗು ಬಿಡು."

ಕರಿಬಸವನ ಮುಖ ಅರಳಿತು. "ಮಾವಿನಕಾಯಿ! ಅಲ್ಲ ಅಲ್ಲ, ಮಾವಿನ ಶುಂಠಿ!"

"ಮೊದಲು ಯಾಕೆ ಗೊತ್ತಾಗಲಿಲ್ಲ?"

"ಮೂಗು ಹಿಡಿದಿದ್ದೆನಲ್ಲ."

"ನೀನು ರುಚಿ ರುಚಿ ಅನ್ನೋದರಲ್ಲಿ ಬಹುಪಾಲು ಮೂಗಿಂದು. ಉಪ್ಪು, ಹುಳಿ, ಸಿಹಿ, ಕಹಿ ಇಷ್ಟು ನಾಲಿಗೆ ನೋಡಿಕೊಳ್ಳುತ್ತೆ. ಇವನಿಗೆ ಅದೂ ಹೋಗಿದೆ, ಇದೂ ಹೋಗಿದೆ."

ಗುರುಗಳು ಇನ್ನೊಂದು ಕೈ ಬಿಚ್ಚಿದರು. ಇಂಗು. ಸಾಲಿನ ಆ ತುದಿಯವರೆಗೂ ವಾಸನೆ ಹೋಯಿತು. ಅದನ್ನು ಕಲ್ಲಿನಾಥನ ಮೂಗಿನ ಕೆಳಗೆ ಹಿಡಿದರು. ಅವನು ಸುಮ್ಮನೆ ನಿಂತಿದ್ದ. ಕಣ್ಣು ಮಾತ್ರ ತುಂಬಿಕೊಂಡಿದ್ದವು.

"ಖಾರ ಒಂದು ಗೊತ್ತಾಗುತ್ತೆ ಬುದ್ಧೀ," ಅಂದ.

"ಮೆಣಸಿನಕಾಯಿ ಕೈ ಕಣ್ಣಿಗೆ ತಗುಲಿದ್ರೆ ಕಣ್ಣಿಗೂ ಗೊತ್ತಾಗುತ್ತೆ. ಅದು ಉರಿ ಕಣಪ್ಪಾ, ರುಚಿ ಅಲ್ಲ."

"ಅದಕ್ಕೇನಾ ಸಾರು..." ಎಂದು ಯಾರೋ ಶುರುಮಾಡಿ ನಿಲ್ಲಿಸಿದರು. ಇಡೀ ಸಾಲು ಈಗ ನಂಬಿತು.

ಕರಿಬಸವ ಸಿಟ್ಟಿನಿಂದ ಕಲ್ಲಿನಾಥನ ಕಡೆ ತಿರುಗಿದ. ಅವನು ಬಾಯಿ ತೆರೆಯುವ ಮೊದಲೇ ಗುರುಗಳು ಕೇಳಿದರು:

"ಕರಿಬಸವ, ನಿಂಗೆ ಅವತ್ತು ಕಹಿ ಗೊತ್ತಾಯ್ತಾ?"

"ಗೊತ್ತಾಯ್ತು ಬುದ್ಧೀ."

"ಮಿಕ್ಕವರಿಗೆ?"

ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು.

"ಇವನು ಗೊತ್ತಾಗದೆ ನುಂಗಿದ. ನೀವು ಗೊತ್ತಾಗಿ ನುಂಗಿದಿರಿ. ಪಕ್ಕದಲ್ಲಿ ಗವಿಯಪ್ಪ ನುಂಗೋದನ್ನೂ ನೋಡಿದಿರಿ."

ಅಷ್ಟೇ ಹೇಳಿದರು. ಗಂಜಿ ಆರುತ್ತಿತ್ತು. ಯಾರಿಗೂ ತಟ್ಟೆಗೆ ಕೈ ಹಾಕಲು ಮನಸ್ಸಾಗಲಿಲ್ಲ.

ಕಲ್ಲಿನಾಥ ಮೆಲ್ಲಗೆ ಅಂದ, "ಬುದ್ಧೀ, ನಾನು ಹೊರಟುಹೋಗ್ತೀನಿ."

"ಯಾಕೆ?"

"ಮುಖ ತೋರಿಸೋಕೆ ನಾಚಿಕೆ ಆಗುತ್ತೆ."

"ನಾಚಿಕೆ ಆದವನೇ ಒಲೆ ಮುಂದೆ ಕೂರಬೇಕು. ಇನ್ನು ಮೇಲೆ ಕೇಳಿ ಅಡುಗೆ ಮಾಡ್ತಾನೆ."

ಗವಿಯಪ್ಪಜ್ಜ ಸಾಯಲಿಲ್ಲ. ಮೊದಲು ನೀರು ದಕ್ಕಿತು, ಆಮೇಲೆ ಮಜ್ಜಿಗೆ, ಆಮೇಲೆ ಮೆತ್ತಗಿನ ಅನ್ನ. ಎದ್ದು ಕೂರುವಂತಾದಾಗ ಗುರುಗಳು ಅವನನ್ನು ಅಡುಗೆಮನೆಯಲ್ಲಿ ಒಂದು ಮಣೆ ಹಾಕಿ ಕೂರಿಸಿದರು.

"ಗವಿಯಪ್ಪ, ಇನ್ನು ಮೇಲೆ ರುಚಿ ನೋಡೋ ಕೆಲಸ ನಿಂದು."

ಮುದುಕ ನಂಬಲಾರದೆ ಕೇಳಿದ, "ನಾನು ಗೆಲ್ಲಬೇಕಾದ್ದು ಈ ನಾಲಿಗೇನೇ ಅಲ್ವಾ ಬುದ್ಧೀ?"

"ಮೊದಲು ಇದರಿಂದ ಕೆಲಸ ತಗೋ."

ಅಂದಿನಿಂದ ಕಲ್ಲಿನಾಥ ಸೌಟು ಚಾಚಿ ಕೇಳುವುದು: ಅಜ್ಜಾ, ಉಪ್ಪು? ಅಜ್ಜಾ, ಹುಳಿ? ಸೋರೆಕಾಯಿ ಬಂದ ದಿನ ತೊಟ್ಟಿನ ಚೂರು ಕೊಯ್ದು ಕೊಟ್ಟು, ಅಜ್ಜ ಹೂಂ ಅನ್ನುವವರೆಗೆ ಕತ್ತಿ ಮುಟ್ಟುತ್ತಿರಲಿಲ್ಲ. ಎಲ್ಲರೆದುರು ಕೇಳುವಾಗ ಕಿವಿಯವರೆಗೂ ಕೆಂಪಾಗುತ್ತಿದ್ದ. ಮುದುಕನಿಗೆ ಮಾತ್ರ ಹಬ್ಬ. ಒಂದಕ್ಕೆರಡು ಸಲ ನೋಡಿ ಹೇಳುತ್ತಿದ್ದ.

ರುಚಿ ಮರಳಿ ಬರುತ್ತದೆಯೇ ಎಂದು ವೈದ್ಯರನ್ನು ಕೇಳಿದ್ದಾಯಿತು. "ಬರಬಹುದು, ಬರದೆಯೂ ಇರಬಹುದು. ಬಂದರೂ ನೆಟ್ಟಗೆ ಬರುತ್ತೆ ಅಂತ ಹೇಳೋಕಾಗಲ್ಲ. ಕೆಲವರಿಗೆ ಒಳ್ಳೆಯದೆಲ್ಲ ಕೆಟ್ಟು ನಾರುತ್ತೆ," ಅಂದಿದ್ದರು.

ಮಳೆಗಾಲ ಕಳೆದು ಚಳಿ ಶುರುವಾಯಿತು. ಗವಿಯಪ್ಪಜ್ಜ ಕೋಲಿಲ್ಲದೆ ಹೊಳೆಯವರೆಗೆ ನಡೆದು ಬಂದ ದಿನ ಎಲ್ಲರಿಗೂ ಸಂತೋಷವಾಗಿ ಗೋಧಿ ಹುಗ್ಗಿ ಮಾಡಿಸಿದರು. ಬೆಲ್ಲ, ತುಪ್ಪ, ಏಲಕ್ಕಿ. ಮುದುಕ ಬೆರಳು ನೆಕ್ಕಿ ಭೇಷ್ ಅಂದ.

ಊಟದ ಸಾಲಿನಲ್ಲಿ ಗುರುಗಳು ತಾವೇ ಹುಗ್ಗಿಯ ಬೋಗುಣಿ ಹಿಡಿದು ಕಲ್ಲಿನಾಥನ ಮುಂದೆ ಬಂದು ಕೂತರು. ತಮ್ಮ ಕೈಯಿಂದಲೇ ಅವನ ಬಾಯಿಗೆ ಒಂದು ತುತ್ತಿಟ್ಟರು.

ಕಲ್ಲಿನಾಥನ ಮೈ ಝುಂ ಎಂದಿತು. ಏನೋ ಬಂತು! ಅಷ್ಟು ತಿಂಗಳಿಂದ ಸತ್ತಂತಿದ್ದ ಬಾಯಿಗೆ ಏನೋ ಬಂತು. ಆದರೆ ಬಂದದ್ದು ಹುಗ್ಗಿಯಲ್ಲ. ಬಟ್ಟೆ ಸುಟ್ಟ ವಾಸನೆ, ಕೊಳೆತ ಈರುಳ್ಳಿಯ ವಾಸನೆ.

ಸಾಲಿಗೆ ಸಾಲೇ ನೋಡುತ್ತಿತ್ತು. ಗವಿಯಪ್ಪಜ್ಜ ಆಸೆಗಣ್ಣಿನಿಂದ ನೋಡುತ್ತಿದ್ದ. ಬಾಯಲ್ಲಿದ್ದದ್ದು ಪ್ರಸಾದ, ಅದೂ ಗುರುವಿನ ಕೈತುತ್ತು. ನುಂಗಿ ನಕ್ಕುಬಿಟ್ಟರೆ ಎಲ್ಲರಿಗೂ ಸಂತೋಷ. ಅದು ಅವನಿಗೆ ಚೆನ್ನಾಗಿ ಅಭ್ಯಾಸವಿದ್ದ ಕೆಲಸ.

"ಹೇಗಿದೆಯಪ್ಪಾ?" ಗುರುಗಳು ಕೇಳಿದರು.

ಆ ಸಾಲಿನಲ್ಲಿ ಯಾರೂ ಯಾರನ್ನೂ ಆ ಪ್ರಶ್ನೆ ಕೇಳಿದ್ದಿಲ್ಲ.

ಕಲ್ಲಿನಾಥ ತುತ್ತನ್ನು ಕೆನ್ನೆಗೆ ಒತ್ತಿಕೊಂಡ. ನಾಚಿಕೆಯಿಂದ ಮುಖವೆಲ್ಲ ಬಿಸಿಯಾಯಿತು. ಕಣ್ಣೆತ್ತಲಾರದೆ ಹೇಳಿದ:

"ಕೆಟ್ಟದಾಗಿದೆ ಬುದ್ಧೀ. ನುಂಗೋಕಾಗ್ತಿಲ್ಲ."

ಗುರುಗಳು ಬೋಗುಣಿಯನ್ನು ಕೆಳಗಿಟ್ಟರು. ಮಗುವಿಗೆ ತಾಯಿ ಹಿಡಿಯುವ ಹಾಗೆ ತಮ್ಮ ಬಲಗೈಯನ್ನು ಬೊಗಸೆ ಮಾಡಿ ಅವನ ಗಲ್ಲದ ಕೆಳಗೆ ಹಿಡಿದರು.

"ಉಗುಳಪ್ಪಾ," ಅಂದರು. "ಇಲ್ಲೇ ಉಗುಳು."